ಪೆನ್ಸಿಲ್‌ನಲ್ಲಿ ಬರೆದ ಸಾಲುಗಳು

2025 ಜೂನ್ 15, ಭಾನುವಾರ ರಾತ್ರಿ

ಇವತ್ತು ಹೊಲಿಗೆಗೆ ಕೂರಲಿಲ್ಲ. ನಾಲ್ಕು ನೋಟ್‌ಬುಕ್‌ಗೆ ಆಗುವಷ್ಟು ಹಾಳೆ ಮಡಚಿ, ತೂತು ಹಾಕಿ ಇಟ್ಟಿದ್ದೆ. ಅವು ಹಾಗೇ ಮೇಜಿನ ಮೇಲಿವೆ. ಬೆಳಗ್ಗೆ ಲೆಕ್ಕದ ಪುಸ್ತಕ ಹಿಡಿದು ಕೂತವಳು ಈಗ ಎದ್ದೆ.

ವಾರವಿಡೀ ನನಗೆ ಆಫೀಸ್ ಕೆಲಸ. ರಜಾದಿನಗಳಲ್ಲಿ ಕೈಯಲ್ಲೇ ಹೊಲಿದ ನೋಟ್‌ಬುಕ್ ಮಾಡಿ ಮಾರುತ್ತೇನೆ. ಮೊದಮೊದಲು ಅದು ಬರೀ ಹವ್ಯಾಸ. ಒಬ್ಬರು ಕೇಳಿದರು, ಅವರ ಕೈಯಲ್ಲಿ ನೋಡಿ ಇನ್ನೊಬ್ಬರು ಕೇಳಿದರು. ಯಾವಾಗ ವ್ಯಾಪಾರವಾಯಿತೋ ಗೊತ್ತಾಗಲಿಲ್ಲ. ಆದರೆ ಆಗಿದೆ. ನಾಲ್ಕು ಕಾಸು ಉಳಿಯಲಿ ಅಂತಲೇ ತಿಂಗಳು ತಿಂಗಳೂ ಮಾಡುತ್ತಿದ್ದೇನೆ. ಅದನ್ನು ಇನ್ನೂ ಹವ್ಯಾಸ ಅಂದರೆ ಸುಳ್ಳಾಗುತ್ತದೆ.

ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವ ಸಮಯ ಬಂತು ಅಂತ ಲೆಕ್ಕದ ಪುಸ್ತಕ ತೆಗೆದೆ. ಅದೂ ನಾನೇ ಹೊಲಿದದ್ದು, ನೀಲಿ ರಟ್ಟಿನದು. ಪುಟ ತಿರುಗಿಸುತ್ತಾ ಹೋದ ಹಾಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಬ್ಯಾಂಕಿಗೆ ಬಂದ ದುಡ್ಡನ್ನೆಲ್ಲ ಪೆನ್ನಲ್ಲಿ ಬರೆದಿದ್ದೇನೆ. ಕೈಗೆ ಬಂದ ನಗದನ್ನು ಪೆನ್ಸಿಲ್‌ನಲ್ಲಿ. ಹೀಗೆ ಬರೆಯೋಣ ಅಂತ ಯಾವತ್ತೂ ಅಂದುಕೊಂಡ ನೆನಪಿಲ್ಲ. ಆದರೆ ಒಂದು ಸಾಲೂ ತಪ್ಪಿಲ್ಲ. ಇವನ್ನು ಮುಂದೆ ಅಳಿಸಬೇಕಾಗಬಹುದು ಅಂತ ಕೈಗೆ ಮೊದಲೇ ಗೊತ್ತಿತ್ತೇನೋ. ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು.

ಅಕ್ಕನಿಗೆ ಫೋನ್ ಮಾಡಿ, ಈ ನಗದನ್ನೂ ರಿಟರ್ನ್ಸ್‌ನಲ್ಲಿ ತೋರಿಸಬೇಕಲ್ಲ ಅಂದೆ.

"ಅಯ್ಯೋ, ಅದೆಷ್ಟು ದುಡ್ಡು ಅಂತ ತಲೆ ಕೆಡಿಸ್ಕೊಂಡಿದ್ದೀಯೇ? ಕೋಟಿ ಕೋಟಿ ನುಂಗಿದವರೇ ಹಾಯಾಗಿದ್ದಾರೆ. ಸುಮ್ನೆ ಬಿಟ್ಬಿಡು."

"ಅವರ ಮಾತು ಬಿಡಕ್ಕ, ನಾನೇನು ಮಾಡ್ಲಿ ಹೇಳು."

"ಸಂಬಳಕ್ಕೆ ಪ್ರಾಮಾಣಿಕವಾಗಿ ಕಟ್ಟುತ್ತಿದ್ದೀಯಲ್ಲ, ಅಷ್ಟು ಸಾಲದಾ?"

ಅಕ್ಕನ ಆ ಮಾತು ಮಧ್ಯಾಹ್ನವೆಲ್ಲ ಕೊರೆಯುತ್ತಿತ್ತು. ಸಂಬಳದ ಟ್ಯಾಕ್ಸ್ ನಾನೆಲ್ಲಿ ಕಟ್ಟುತ್ತೇನೆ? ನನ್ನ ಕೈಗೆ ಬರುವ ಮೊದಲೇ ಕಟ್ ಆಗಿರುತ್ತದೆ. ಅದರಲ್ಲಿ ನನ್ನ ಪ್ರಾಮಾಣಿಕತೆ ಏನು ಬಂತು? ಬ್ರಿಟನ್‌ನಲ್ಲಿ 1799ರಲ್ಲಿ ಮೊದಲ ಸಲ ಆದಾಯ ತೆರಿಗೆ ಬಂದಾಗ ಜನರೇ ತಮ್ಮ ಆದಾಯ ಹೇಳಿ ಕಟ್ಟಬೇಕಿತ್ತು. ವಸೂಲಿ ಅಂದುಕೊಂಡಷ್ಟು ಆಗಲಿಲ್ಲ. 1803ರಲ್ಲಿ ದುಡ್ಡು ಕೊಡುವವರ ಹತ್ತಿರವೇ ಮುರಿದುಕೊಳ್ಳುವ ಪದ್ಧತಿ ತಂದರು. ದರವನ್ನು ಶೇ 10ರಿಂದ 5ಕ್ಕೆ ಇಳಿಸಿದರೂ ಹೆಚ್ಚೂಕಮ್ಮಿ ಮೊದಲಿನಷ್ಟೇ ದುಡ್ಡು ಬಂತು. ಅಷ್ಟರಲ್ಲಿ ಜನರೇನೂ ಬದಲಾಗಿರಲಿಲ್ಲ.

ಈಗಲೂ ಅದೇ ಕಥೆ. ಡೆನ್ಮಾರ್ಕ್‌ನಲ್ಲಿ ಸುಮಾರು 40 ಸಾವಿರ ಜನರನ್ನು ಆಯ್ದು ನಡೆಸಿದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಗಿತ್ತು. ಕಂಪನಿಯೋ ಬ್ಯಾಂಕೋ ತಾನಾಗಿ ತೆರಿಗೆ ಇಲಾಖೆಗೆ ತಿಳಿಸುವ ಆದಾಯದಲ್ಲಿ ಮುಚ್ಚಿಟ್ಟದ್ದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅವರವರೇ ಹೇಳಿಕೊಳ್ಳಬೇಕಾದ ಆದಾಯದಲ್ಲಿ ಮಾತ್ರ ಸಾಕಷ್ಟು. ಓದುವಾಗ ನನ್ನ ಪೆನ್ನು, ಪೆನ್ಸಿಲ್ ಎರಡೂ ಕಣ್ಣ ಮುಂದೆ ಬಂದವು. ಇಷ್ಟು ವರ್ಷ ನನ್ನನ್ನು ಯಾರೂ ಕೇಳಿಯೇ ಇರಲಿಲ್ಲ. ಈ ಪೆನ್ಸಿಲ್ ಸಾಲುಗಳಲ್ಲಿ ಮೊದಲ ಸಲ ಕೇಳುತ್ತಿದ್ದಾರೆ.

ನೋಡುವ ಕಣ್ಣುಗಳೂ ಜಾಸ್ತಿ ಆಗುತ್ತಿವೆ, ನಿಜ. ಆನ್‌ಲೈನ್‌ನಲ್ಲಿ ಮಾರುವವರ ವಿವರವನ್ನು ಆಯಾ ತಾಣಗಳೇ ತೆರಿಗೆ ಇಲಾಖೆಗೆ ಕೊಡಬೇಕು ಅಂತ ಯುರೋಪಿಯನ್ ಒಕ್ಕೂಟದಲ್ಲಿ 2023ರಿಂದ ನಿಯಮವಿದೆ. ಆದರೆ ಸಿಕ್ಕಿಬೀಳುತ್ತೇನೆ ಅನ್ನುವ ಭಯಕ್ಕೆ ಬರೆದರೆ ಅದೂ ಸಂಬಳದ ಲೆಕ್ಕವೇ ಆಯಿತು, ಅಲ್ವಾ?

ಒಂದು ಪೆನ್ಸಿಲ್ ಸಾಲಿನ ಬಗ್ಗೆ ಹೇಳಲೇಬೇಕು. ನಿವೃತ್ತರಾದ ಹಿರಿಯರೊಬ್ಬರು ಎರಡು ನೋಟ್‌ಬುಕ್ ಕೊಂಡರು. ದುಡ್ಡು ಎಣಿಸಿ ಕೊಟ್ಟು "ರಸೀದಿ ಇದೆಯೇನಮ್ಮಾ?" ಅಂದರು. ಇಲ್ಲ ಅಂದೆ. "ಪರವಾಗಿಲ್ಲ ಬಿಡು" ಅನ್ನುತ್ತಾ ಜೇಬಿನಿಂದ ಅಂಗೈಯಷ್ಟು ಪುಸ್ತಕ ತೆಗೆದು, ನಿಂತಲ್ಲೇ ಪೆನ್ನಿನಲ್ಲಿ ತಾರೀಕು ಹಾಕಿ ಬರೆದುಕೊಂಡರು. ಯಾರೂ ನೋಡದ ಪುಸ್ತಕ ಅದು. ಆದರೂ ಮೊತ್ತದ ಕೆಳಗೆ ಒಂದು ಗೆರೆ ಎಳೆದರು. ಅವರು ಹೋದ ಮೇಲೆ ನಾನು ಪೆನ್ಸಿಲ್ ತೆಗೆದುಕೊಂಡೆ.

ಹಾಗಂತ ಕೊಡಬೇಕಾದ್ದಕ್ಕಿಂತ ಜಾಸ್ತಿ ಕೊಡುವ ಆಸೆಯೂ ನನಗಿಲ್ಲ. ಟ್ಯಾಕ್ಸ್ ಬೀಳುವುದು ಬಂದ ದುಡ್ಡಿಗೆಲ್ಲ ಅಲ್ಲ, ಖರ್ಚು ಕಳೆದು ಉಳಿದದ್ದಕ್ಕೆ. ಕಾಗದ, ರಟ್ಟು, ಅಂಟು, ಮೇಣದ ದಾರ ಎಲ್ಲದರ ಬಿಲ್ ಇದೆ, ಎಲ್ಲ ಹಾಕಿದೆ. ಸಣ್ಣ ಆದಾಯಕ್ಕೆ ಬಹಳ ದೇಶಗಳಲ್ಲಿ ವಿನಾಯಿತಿಯೂ ಇದೆ. ಕಾನೂನೇ ಕೊಟ್ಟದ್ದನ್ನು ಬಳಸಿಕೊಳ್ಳಲು ಸಂಕೋಚ ಯಾಕೆ? ಆದರೆ ಆ ಮಿತಿಯ ಒಳಗೆ ಇರಬೇಕು ಅಂತ ನಾಲ್ಕು ಸಾಲು ಅಳಿಸುವುದಿದೆಯಲ್ಲ, ಅದು ಬೇರೆ. ಟ್ಯಾಕ್ಸ್ ಬೀಳದಿದ್ದರೂ ಆದಾಯ ತೋರಿಸಲೇಬೇಕಾದ ಸಂದರ್ಭಗಳೂ ಇರುತ್ತವೆ. ನಿಯಮವನ್ನು ಎರಡು ಸಲ ಓದಿದ್ದು ಅದಕ್ಕೇ.

ಕಷ್ಟವಾದದ್ದು ಫೋನ್ ಬಿಲ್. ಪೂರ್ತಿ ವ್ಯಾಪಾರದ ಖರ್ಚಿಗೆ ಬರೆದುಬಿಡೋಣ ಅನ್ನಿಸಿತು. ಬರೆದೂ ಬಿಟ್ಟೆ. ಆಮೇಲೆ ಒಂದು ತಿಂಗಳ ಕರೆಗಳ ಪಟ್ಟಿ ತೆಗೆದು ನೋಡಿದರೆ ಅರ್ಧಕ್ಕಿಂತ ಜಾಸ್ತಿ ಅಕ್ಕನ ನಂಬರ್. ಕಾಲು ಭಾಗ ಇಟ್ಟುಕೊಂಡು ಉಳಿದದ್ದು ಹೊಡೆದುಹಾಕಿದೆ. ಆದಾಯ ಮುಚ್ಚಿಡುವುದು ತಪ್ಪು ಅಂತ ಬೆಳಗಿಂದ ಕೊರಗಿದವಳೇ ಖರ್ಚು ಉಬ್ಬಿಸುವಾಗ ಒಂದು ನಿಮಿಷವೂ ಯೋಚಿಸಿರಲಿಲ್ಲ. ಎರಡೂ ಒಂದೇ ಸುಳ್ಳು.

ಹೋದ ವರ್ಷದ್ದೂ ಇದೆ. ಆಗ ಮಾರಿದ್ದು ಬೆರಳೆಣಿಕೆಯಷ್ಟು, ಆದರೂ ನಗದು ತೋರಿಸಿರಲಿಲ್ಲ. ತಾನಾಗಿ ಬಂದು ತಿದ್ದಿಕೊಂಡವರಿಗೆ ಸಿಕ್ಕಿಬಿದ್ದವರಷ್ಟು ದಂಡ ಹಾಕದ ಪದ್ಧತಿ ಬಹಳ ಕಡೆ ಇದೆ. ಸೋಮವಾರ ಆಡಿಟರ್ ಹತ್ತಿರ ಅದನ್ನೇ ಮೊದಲು ಕೇಳುತ್ತೇನೆ. ಹೇಳಿಕೊಳ್ಳಲು ನಾಚಿಕೆ. ಆದರೂ ಕೇಳುತ್ತೇನೆ.

ಸಂಜೆ ಪೆನ್ಸಿಲ್ ಸಾಲುಗಳ ಮೇಲೆ ಒಂದೊಂದಾಗಿ ಪೆನ್ನು ಆಡಿಸಿದೆ. ಒಂದು ಸಾಲಿನಲ್ಲಿ ಮಾತ್ರ ನಿಂತೆ. ಎದುರಿನ ಪುಟಕ್ಕೆ ತಿಕ್ಕಿ ತಿಕ್ಕಿ ಮಸುಕಾಗಿದೆ, 3 ಪುಸ್ತಕವೋ 8 ಪುಸ್ತಕವೋ ತಿಳಿಯುತ್ತಿಲ್ಲ. 3 ಅಂತ ಬರೆದು ಮುಗಿಸಬಹುದಿತ್ತು. ಕೊಂಡವರಿಗೆ ಮೆಸೇಜ್ ಹಾಕಿದ್ದೇನೆ, "ಆವತ್ತು ಎಷ್ಟು ತಗೊಂಡಿರಿ, ನೆನಪಿದೆಯಾ?" ಅಂತ.

ಇನ್ನೂ ಉತ್ತರ ಬಂದಿಲ್ಲ. ಆ ಸಾಲು ಪೆನ್ಸಿಲ್‌ನಲ್ಲೇ ಇದೆ.