ವಿಂಡೋಸ್ ಹೊಸದಾಗಿ ಹಾಕಿದೆ, ಅತ್ತೆಯ ಶ್ರುತಿ ಕೇಳಿಸದಾಯಿತು

ನಮ್ಮ ಸೋದರತ್ತೆ ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಸಂಗೀತ ಪಾಠ ಹೇಳುತ್ತಾರೆ. ಲ್ಯಾಪ್‌ಟಾಪ್ ಇಲ್ಲದಿದ್ದರೆ ಅವರ ಪಾಠವೇ ಇಲ್ಲ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತಲ್ವಾ, ಅದಕ್ಕೇ ಕಳೆದ ವಾರ ನಾನೇ ಹೋಗಿ ಪೂರ್ತಿ ಫಾರ್ಮ್ಯಾಟ್ ಮಾಡಿ ವಿಂಡೋಸ್ 11 ಹಾಕಿಕೊಟ್ಟೆ. ಎಲ್ಲಾ ಸರಿಯಾಯಿತು, ಸೌಂಡ್ ಒಂದು ಬಿಟ್ಟು. ಕೆಳಗಿನ ಸ್ಪೀಕರ್ ಗುರುತಿನ ಮೇಲೆ ಕೆಂಪು ಕ್ರಾಸ್. ಮಾರನೇ ದಿನ ಬೆಳಿಗ್ಗೆ ಏಳಕ್ಕೆ ಪಾಠ.

ಅದರ ಸೌಂಡ್ ಚಿಪ್ ರಿಯಲ್‌ಟೆಕ್ ಕಂಪನಿಯದ್ದು. ಮೊದಲು ರಿಯಲ್‌ಟೆಕ್ ಆಡಿಯೋ ಡ್ರೈವರ್, ಅಂದರೆ ಆ ಚಿಪ್ಪನ್ನು ವಿಂಡೋಸ್ ಜೊತೆ ಮಾತಾಡಿಸುವ ಸಾಫ್ಟ್‌ವೇರ್, ಇಳಿಸಿ ಹಾಕಲು ನೋಡಿದೆ. ಅದು ಸಾಧನವೇ ಸಿಗುತ್ತಿಲ್ಲ ಎಂದು ನಿಂತುಬಿಟ್ಟಿತು. ಇಲ್ಲಿ ತುಂಬಾ ಜನ ಹೆದರಿ, ಸೌಂಡ್ ಚಿಪ್ಪೇ ಸುಟ್ಟುಹೋಗಿದೆ ಅಂದುಕೊಂಡು ಅಂಗಡಿಗೆ ಓಡುತ್ತಾರೆ. ದಯವಿಟ್ಟು ಅವಸರ ಮಾಡಬೇಡಿ. ಹಿಂದಿನ ದಿನದವರೆಗೆ ಹಾಡುತ್ತಿದ್ದ ಚಿಪ್ ಫಾರ್ಮ್ಯಾಟ್ ಮಾಡಿದ್ದಕ್ಕೆ ಸುಡುವುದಿಲ್ಲ.

ಡಿವೈಸ್ ಮ್ಯಾನೇಜರ್ ತೆರೆದು ನೋಡಿ. ಅಲ್ಲಿ ಹಳದಿ ಗುರುತಿನ ಜೊತೆ ಮಲ್ಟಿಮೀಡಿಯಾ ಆಡಿಯೋ ಕಂಟ್ರೋಲರ್ ಅಂತ ಒಂದು ಸಾಲು ಇತ್ತು. ಅದರ ಪ್ರಾಪರ್ಟೀಸ್‌ಗೆ ಹೋಗಿ, ಡೀಟೇಲ್ಸ್‌ನಲ್ಲಿ ಹಾರ್ಡ್‌ವೇರ್ ಐಡಿ ನೋಡಿದರೆ 8086 ಎಂಬ ಸಂಖ್ಯೆ. ಅದು ಇಂಟೆಲ್‌ನ ಗುರುತು, 1978ರ ಅವರ ಹಳೇ ಚಿಪ್ಪಿನ ಹೆಸರೂ ಅದೇ, ನನಗೆ ಈ ನಂಟು ತುಂಬಾ ಇಷ್ಟ. ರಿಯಲ್‌ಟೆಕ್ ಆಗಿದ್ದರೆ 10ಇಸಿ ಅಂತ ಇರುತ್ತದೆ. ಅಂದರೆ ವಿಂಡೋಸ್ ಕಣ್ಣಿಗೆ ರಿಯಲ್‌ಟೆಕ್ ಚಿಪ್ ಇನ್ನೂ ಬಿದ್ದೇ ಇಲ್ಲ. ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಅದು ಇಂಟೆಲ್ ಸ್ಮಾರ್ಟ್ ಸೌಂಡ್ ಎಂಬ ಬಾಗಿಲಿನ ಹಿಂದೆ ಇರುತ್ತದೆ. ಬಾಗಿಲು ತೆಗೆಯದೆ ಒಳಗಿರುವವರನ್ನು ಎಷ್ಟು ಕರೆದರೂ ಕೇಳಿಸುವುದಿಲ್ಲ.

ಹಾಗಾಗಿ ಹಾಕುವ ಕ್ರಮ ಮುಖ್ಯ. ಮೊದಲು ಚಿಪ್‌ಸೆಟ್ (ಮದರ್‌ಬೋರ್ಡಿನ ಮುಖ್ಯ ಚಿಪ್‌ಗಳ) ಡ್ರೈವರ್, ಆಮೇಲೆ ಸ್ಮಾರ್ಟ್ ಸೌಂಡ್, ಒಂದು ಸಲ ರೀಸ್ಟಾರ್ಟ್, ಕೊನೆಗೆ ರಿಯಲ್‌ಟೆಕ್. ಮೂರನ್ನೂ ಲ್ಯಾಪ್‌ಟಾಪ್ ಕಂಪನಿಯ ಸಪೋರ್ಟ್ ಪುಟದಿಂದಲೇ, ತಳದಲ್ಲಿರುವ ಸೀರಿಯಲ್ ನಂಬರ್ ಕೊಟ್ಟು ತೆಗೆದುಕೊಳ್ಳಿ. ಎಲ್ಲಾ ಡ್ರೈವರ್ ಒಂದೇ ಕ್ಲಿಕ್ಕಿಗೆ ಅನ್ನುವ ಸೈಟುಗಳ ಹತ್ತಿರ ಸುಮ್ನೆ ಹೋಗಬೇಡಿ, ಬೇಡದ ಸಾಫ್ಟ್‌ವೇರ್ ಕೂಡ ಜೊತೆಗೆ ಬಂದು ಕೂರುತ್ತದೆ.

ರಾತ್ರಿ ಹನ್ನೊಂದಕ್ಕೆ ಸ್ಪೀಕರ್ ಮಾತಾಡಿತು. ನಾನು ಮನೆಗೆ ಬಂದು ಮಲಗಿದೆ.

ಬೆಳಿಗ್ಗೆ ಏಳೂಕಾಲಿಗೆ ಅತ್ತೆಯ ಫೋನ್. "ನನ್ನ ದನಿ ಕೇಳಿಸುತ್ತಂತೆ, ಶ್ರುತಿ ಮಾತ್ರ ಬಂದು ಬಂದು ಹೋಗುತ್ತಂತೆ ಕಣೋ. ಶ್ರುತಿ ಇಲ್ಲದೆ ಮಗು ಸರಳೆ ವರಸೆ ಹೇಗೆ ಹಾಡಬೇಕು?"

ಇದಕ್ಕೆ ಕಾರಣ ಹುಡುಕಲು ಸೌಂಡ್ ತರಿಸಿದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಹೊಸದಾಗಿ ಬಂದ ಆಡಿಯೋ ಸಾಫ್ಟ್‌ವೇರ್‌ನಲ್ಲಿ ಗದ್ದಲ ತಗ್ಗಿಸುವ ಸೌಲಭ್ಯ ತಾನಾಗಿಯೇ ಆನ್ ಆಗಿತ್ತು. ಒಂದೇ ಸಮನೆ ಬರುವ ಸದ್ದನ್ನು, ಅಂದರೆ ಫ್ಯಾನಿನದ್ದು, ಎಸಿಯದ್ದು, ಅದು ಹುಡುಕಿ ಅಳಿಸುತ್ತದೆ. ತಂಬೂರಿಯ ನಾದವೂ ಒಂದೇ ಸಮನೆ ಬರುವಂಥದ್ದೇ ತಾನೇ? ಮನುಷ್ಯರ ಮಾತು ಮಾತ್ರ ಉಳಿಸಿ ಮಿಕ್ಕದ್ದನ್ನು ತೆಗೆದುಹಾಕುವ ಸಾಧನಕ್ಕೆ ಸ-ಪ-ಸ ಕೂಡ ಫ್ಯಾನಿನ ಹಾಗೇ ಕಾಣುತ್ತದೆ. ನಮ್ಮ ಸಂಗೀತದಲ್ಲಿ ಎಲ್ಲಕ್ಕೂ ಆಧಾರವಾದದ್ದೇ ಹೀಗೆ ಅಳಿಸಿಹೋಗುವುದು ನನಗೆ ನಿಜಕ್ಕೂ ಬೇಸರ ತಂದಿತು. ಸಂಗೀತ ಕಲಿಸುವವರೆಲ್ಲ ಇದನ್ನು ಒಮ್ಮೆ ನೋಡಿಕೊಳ್ಳಲೇಬೇಕು.

ಆಫ್ ಮಾಡುವುದು ಎರಡು ಕಡೆ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಸೌಂಡ್, ಅಲ್ಲಿ ನಿಮ್ಮ ಮೈಕ್ ಆರಿಸಿ ಆಡಿಯೋ ಎನ್‌ಹ್ಯಾನ್ಸ್‌ಮೆಂಟ್ಸ್ ಆಫ್ ಮಾಡಿ. ಆಮೇಲೆ ಕರೆ ಮಾಡುವ ಆ್ಯಪ್ ಒಳಗೂ ನೋಡಿ, ಜೂಮ್‌ನಲ್ಲಾದರೆ ಸಂಗೀತಗಾರರಿಗೆ ಅಂತಲೇ ಒರಿಜಿನಲ್ ಸೌಂಡ್ ಎಂಬ ಆಯ್ಕೆ ಇದೆ. ಒಂದೇ ಕಡೆ ಆಫ್ ಮಾಡಿದಾಗ ನಮಗೆ ಅರ್ಧ ಮಾತ್ರ ಸರಿಯಾಯಿತು. ಎರಡೂ ಆಫ್ ಮಾಡಿದ ಮೇಲೆ ಅತ್ತ ಕಡೆಯ ಹುಡುಗಿ ಏನೂ ಹೇಳಲಿಲ್ಲ, ನೇರ ಸ ಹಿಡಿದು ಹಾಡಲು ಶುರು ಮಾಡಿದಳು. ಅತ್ತೆ ನನ್ನ ಕಡೆ ತಿರುಗಿ ತಲೆಯಾಡಿಸಿದರು.

ಫಾರ್ಮ್ಯಾಟ್‌ಗೆ ಮುಂಚೆಯೇ ಮಾಡಬೇಕಿದ್ದ ಕೆಲಸ ಒಂದನ್ನು ಆಮೇಲೆ ಮಾಡಿದೆ. ವಿಂಡೋಸ್‌ನಲ್ಲೇ ಪಿಎನ್‌ಪಿಯುಟಿಲ್ ಎಂಬ ಕಮಾಂಡ್ ಇದೆ, ಅದರ ಎಕ್ಸ್‌ಪೋರ್ಟ್ ಡ್ರೈವರ್ ಆಯ್ಕೆ ಬಳಸಿದರೆ, ವಿಂಡೋಸ್ ಜೊತೆ ಬರದೆ ಆಮೇಲೆ ಹಾಕಿಕೊಂಡ ಡ್ರೈವರ್‌ಗಳೆಲ್ಲ ಒಂದು ಫೋಲ್ಡರ್‌ಗೆ ಬರುತ್ತವೆ. ಮುಂದೆ ಬೇಕಾದಾಗ ಡಿವೈಸ್ ಮ್ಯಾನೇಜರ್‌ಗೆ ಆ ಫೋಲ್ಡರ್ ತೋರಿಸಿದರೆ ಆಯಿತು. ಆ ಫೋಲ್ಡರ್ ಇಟ್ಟ ಪೆನ್‌ಡ್ರೈವ್ ಈಗ ಅತ್ತೆಯ ಬೀರುವಿನಲ್ಲಿದೆ, ಅವರ ಹಳೇ ಶ್ರುತಿ ಪೆಟ್ಟಿಗೆಯ ಪಕ್ಕದಲ್ಲೇ.