ಬಿಳಿ ಮೇಲೆ ಬಿಳಿ

ರಾತ್ರಿಯಿಂದ ರೋಮನ್ ಒಪಾಲ್ಕಾ ತಲೆಯಲ್ಲೇ ಕೂತಿದ್ದಾನೆ. ಪೋಲಿಷ್ ಕಲಾವಿದ. 1965ರಲ್ಲಿ ವಾರ್ಸಾದಲ್ಲಿ ಕಪ್ಪು ಕ್ಯಾನ್ವಾಸಿನ ಎಡಮೂಲೆಯಲ್ಲಿ ಬಿಳಿ ಬಣ್ಣದಲ್ಲಿ 1 ಅಂತ ಬರೆದ. ಆಮೇಲೆ 2, 3... 2011ರಲ್ಲಿ ಸಾಯುವವರೆಗೂ ಅದೇ ಕೆಲಸ. ಕೊನೆಯ ಸಂಖ್ಯೆ 56,07,249. 1972ರಿಂದ ಪ್ರತಿ ಹೊಸ ಕ್ಯಾನ್ವಾಸಿನ ಹಿನ್ನೆಲೆಗೆ ಶೇ. 1ರಷ್ಟು ಬಿಳಿ ಜಾಸ್ತಿ ಮಾಡುತ್ತಾ ಹೋದ. ಕೊನೆಕೊನೆಗೆ ಬಿಳಿ ಮೇಲೆ ಬಿಳಿ!

ಆ ಕ್ಯಾನ್ವಾಸುಗಳನ್ನು ಹತ್ತಿರದಿಂದ ತೆಗೆದ ಫೋಟೋ ನೋಡಿ. ಕುಂಚ ಅದ್ದಿದಾಗ ಅಂಕಿ ದಪ್ಪ, ಬಣ್ಣ ಮುಗಿಯುತ್ತಾ ಬಂದಂತೆ ಮಸುಕು, ಮತ್ತೆ ದಪ್ಪ. ಉಸಿರಾಟದ ಹಾಗೆ, ಅಲ್ವಾ?

ನಮ್ಮಜ್ಜಿ ಹಾಲಿನ ಲೆಕ್ಕಕ್ಕೆ ಅಡುಗೆಮನೆ ಗೋಡೆ ಮೇಲೆ ಇದ್ದಿಲಿನ ಗೀಟು ಎಳೆಯುತ್ತಿದ್ದಳು. ದೀಪಾವಳಿಗೆ ಅಪ್ಪ ಅದರ ಮೇಲೇ ಸುಣ್ಣ ಬಳಿಯುತ್ತಿದ್ದರು. ಮಳೆಗಾಲದಲ್ಲಿ ಗೋಡೆ ಒದ್ದೆಯಾದರೆ ಹಳೇ ಗೀಟುಗಳು ಮತ್ತೆ ಕಾಣುತ್ತಿದ್ದವು. ಅಜ್ಜಿ ಮಾತ್ರ, "ಅದೆಲ್ಲ ದುಡ್ಡು ಕೊಟ್ಟಾಗಿದೆ ಬಿಡು" ಅನ್ನುತ್ತಿದ್ದಳು.