ಮೀನಿನ ತೊಟ್ಟಿಗೊಂದು ಮರದ ಮುಚ್ಚಳ

ಒಂದು ಬೆಳಿಗ್ಗೆ ನೆಲದ ಮೇಲೆ ನನ್ನ ಪರ್ಲ್ ಗೌರಾಮಿ ಒಣಗಿ ಬಿದ್ದಿತ್ತು. ತೊಟ್ಟಿಯ ಮೇಲೆ ಗಾಜಿನ ಹಲಗೆ ಇತ್ತು, ನಿಜ. ಆದರೆ ಪೈಪು ಇಳಿಸೋಕೆ ಅಂತ ಮೂಲೆಯಲ್ಲಿ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟಿದ್ದೆ. ಮೀನಿಗೆ ಅಷ್ಟೇ ಸಾಕಾಯಿತು. ಎರಡು ವರ್ಷ ಸಾಕಿದ ಮೀನು. ಅವತ್ತೇ ಸರಿಯಾದ ಮುಚ್ಚಳ ಮಾಡಬೇಕು ಅಂತ ತೀರ್ಮಾನಿಸಿದೆ.

ಮೊದಲನೆಯದನ್ನು ಎಂಡಿಎಫ್, ಅಂದರೆ ಮರದ ನಾರಿಗೆ ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆಯಲ್ಲಿ ಮಾಡಿದೆ. ಹೊರಗಡೆ ಮೂರು ಸಲ ಬಣ್ಣ ಬಳಿದೆ, ಒಳಗಡೆ ಒಂದೇ ಸಲ. ಯಾರಿಗೂ ಕಾಣದ ಜಾಗ ಅಲ್ವಾ ಅಂದುಕೊಂಡಿದ್ದೆ. ನಾಲ್ಕು ತಿಂಗಳಿಗೆ ಕೆಳಗಿನ ಅಂಚು ಊದಿಕೊಂಡು, ಸ್ಕ್ರೂಗಳು ಹಿಡಿತ ಬಿಟ್ಟವು. ಒಂದು ಹನಿ ನೀರೂ ಚೆಲ್ಲಿರಲಿಲ್ಲ. ಕೆಡಿಸಿದ್ದು ಕೆಳಗಿನಿಂದ ಹಗಲೂ ರಾತ್ರಿ ಏಳುವ ಆವಿ. ಮೀನಿನ ತೊಟ್ಟಿಯ ಮುಚ್ಚಳಕ್ಕೆ ಮಳೆ ಬರುವುದು ಕೆಳಗಿನಿಂದ. ಅದಕ್ಕೇ ಎರಡನೇ ಸಲ ಎಲ್ಲವನ್ನೂ ಒಳಗಿನಿಂದ ಯೋಚಿಸಿದೆ.

ಗಟ್ಟಿ ಮರದ ಹಲಗೆಯನ್ನೇ ಹಾಕಬೇಕು ಅಂತ ಆಸೆ ಇತ್ತು. ಪರಿಚಯದ ಬಡಗಿಯೊಬ್ಬರು ಬೇಡ ಅಂದರು. "ಮರ ಉದ್ದಕ್ಕೆ ಬೆಳೆಯೋದಿಲ್ಲ, ಅಡ್ಡಕ್ಕೆ ಹಿಗ್ಗುತ್ತೆ. ಒಂದು ಕಡೆ ಒದ್ದೆ, ಇನ್ನೊಂದು ಕಡೆ ಒಣ ಇದ್ದರೆ ದೋಣಿ ಥರ ಬಾಗುತ್ತೆ." ಪ್ಲೈವುಡ್‌ನಲ್ಲಿ ಪದರಗಳ ಎಳೆ ಒಂದಕ್ಕೊಂದು ಅಡ್ಡಡ್ಡ ಇರುವುದರಿಂದ ಈ ಹಿಗ್ಗಾಟ ಬಹಳ ಕಡಿಮೆ. ಕೊನೆಗೆ 12 ಮಿ.ಮೀ. ಮರೈನ್ ಪ್ಲೈ, ಅಂದರೆ ನೀರು ತಡೆಯುವ ಅಂಟಿನ ಪ್ಲೈವುಡ್ ತಂದೆ. ಮುಂದೆ ಕಾಣುವ ಕಡೆಗೆ ಮಾತ್ರ ತೇಗದ ತೆಳು ಪಟ್ಟಿ.

ನನ್ನ ತೊಟ್ಟಿ 48 ಇಂಚು ಉದ್ದ, 18 ಇಂಚು ಅಗಲ. ಮುಚ್ಚಳದ ಒಳ ಅಳತೆಯನ್ನು ಎಲ್ಲ ಕಡೆ 3 ಮಿ.ಮೀ. ಸಡಿಲ ಇಟ್ಟೆ. ಎತ್ತರ 8 ಇಂಚು. ಒಳಗೋಡೆಯಲ್ಲಿ, ಕೆಳ ಅಂಚಿನಿಂದ ಒಂದು ಇಂಚು ಮೇಲೆ, ಸುತ್ತಲೂ ರೀಪರ್, ಅಂದರೆ ಮರದ ಸಣ್ಣ ಪಟ್ಟಿ ಹೊಡೆದೆ. ಗಾಜಿನ ಅಂಚಿನ ಮೇಲೆ ಕೂರುವುದು ಆ ರೀಪರ್. ಉಳಿದ ಒಂದು ಇಂಚು ಗಾಜಿನ ಹೊರಗೆ ಇಳಿದು, ನೀರಿನ ಗೆರೆಯನ್ನು ಮರೆ ಮಾಡುತ್ತದೆ. ಗಾಜಿಗೂ ರೀಪರ್‌ಗೂ ನಡುವೆ ತೆಳು ಫೋಮ್ ಪಟ್ಟಿ ಅಂಟಿಸಿದೆ. ಇಲ್ಲದಿದ್ದರೆ ಭಾರವೆಲ್ಲ ರೀಪರ್‌ನ ಯಾವುದೋ ಉಬ್ಬಿದ ಜಾಗದಲ್ಲಿ ಗಾಜಿನ ಅಂಚನ್ನು ಒತ್ತುತ್ತದೆ.

ಇಡೀ ಮುಚ್ಚಳ ಸುಮಾರು 9 ಕೆಜಿ ಬಂತು. ದಿನಾ ಎತ್ತುವ ವಸ್ತುವಲ್ಲ. ಹಾಗಾಗಿ ಮೇಲಿನ ಹಲಗೆಯನ್ನು ಎರಡು ಭಾಗ ಮಾಡಿದೆ. ಹಿಂದಿನ 6 ಇಂಚು ಕದಲುವುದಿಲ್ಲ, ಮುಂದಿನ 12 ಇಂಚು ಬಾಗಿಲಿನಂತೆ ತೆರೆಯುತ್ತದೆ. ತೆರೆದ ಹಲಗೆ ಕೈ ಮೇಲೆ ಬೀಳದ ಹಾಗೆ ಪಕ್ಕದಲ್ಲೊಂದು ಚಿಕ್ಕ ಸರಪಳಿ. ಬಾಗಿಲು ತಿರುಗುವ ಹಿಂಜು, ಸ್ಕ್ರೂ, ಸರಪಳಿ ಎಲ್ಲವೂ ಸ್ಟೇನ್‌ಲೆಸ್ ಸ್ಟೀಲ್. ಹಿತ್ತಾಳೆ ಹಿಂಜು ನೋಡೋಕೆ ಚಂದ, ಒಪ್ಪುತ್ತೇನೆ. ಆದರೆ ಹಿತ್ತಾಳೆಯಲ್ಲಿ ತಾಮ್ರ ಇದೆ. ಅದರ ಮೇಲೆ ಕೂತ ಆವಿ ಹನಿಯಾಗಿ ತೊಟ್ಟಿಗೇ ಬೀಳುತ್ತದೆ. ಸೀಗಡಿ, ಬಸವನಹುಳು ಸಾಕಿದವರಿಗೆ ತಾಮ್ರ ಎಂಥ ವಿಷ ಅಂತ ಗೊತ್ತು.

ಬಣ್ಣದ ಕೆಲಸಕ್ಕೆ ಮರಗೆಲಸಕ್ಕಿಂತ ಜಾಸ್ತಿ ದಿನ ಹಿಡಿಯಿತು. ಕೊಯ್ದ ಅಂಚುಗಳು ಸ್ಪಂಜಿನ ಹಾಗೆ ನೀರು ಹೀರುತ್ತವೆ. ಅದಕ್ಕೇ ಮೊದಲು ಅಂಚಿಗೆ ಮಾತ್ರ ತೆಳುಮಾಡಿದ ಪಾಲಿಯುರಿಥೇನ್ ವಾರ್ನಿಷ್ ಬಳಿದೆ. ಹೀರಿಕೊಂಡಿತು. ಮತ್ತೆ ಬಳಿದೆ. ಮೂರನೇ ಸಲಕ್ಕೆ ಹೊಳಪು ಮೇಲೆ ನಿಂತಿತು. ಸ್ಕ್ರೂ ತೂತುಗಳ ಒಳಗೂ ಸಣ್ಣ ಕುಂಚ ತೂರಿಸಿದೆ. ಒಳಗಡೆ ಪೂರ್ತಿ ಬಿಳಿ ಎಪಾಕ್ಸಿ ಬಣ್ಣ (ಗಟ್ಟಿಯಾದ ಮೇಲೆ ನೀರು ಬಿಡದ ಬಣ್ಣ), ಮೂರು ಸಲ. ಪ್ರತಿ ಸಲವೂ 220 ನಂಬರ್ ಮರಳು ಕಾಗದದಿಂದ ಹಗುರವಾಗಿ ಉಜ್ಜಿ, ಧೂಳು ಒರೆಸಿದ ಮೇಲೆಯೇ ಮುಂದಿನದು. ಬಿಳಿ ಬಣ್ಣ ಬೆಳಕನ್ನು ವಾಪಸ್ ನೀರಿಗೆ ಎಸೆಯುತ್ತದೆ. ಎಲ್ಲಾದರೂ ಬಿರುಕು ಬಿಟ್ಟರೆ ತಕ್ಷಣ ಕಾಣುತ್ತದೆ ಕೂಡ. ಮುಟ್ಟಿದರೆ ಅಂಟದು ಅಂದ ಮಾತ್ರಕ್ಕೆ ಬಣ್ಣ ಪೂರ್ತಿ ಗಟ್ಟಿಯಾಗಿದೆ ಅಂತ ಅಲ್ಲ. ಮೂರು ವಾರ ಗಾಳಿಗೆ ಇಟ್ಟು, ಒಳಗೆ ತಲೆ ಹಾಕಿದರೂ ವಾಸನೆ ಬರದೇ ಇದ್ದಾಗ ತೊಟ್ಟಿಯ ಮೇಲೆ ಕೂರಿಸಿದೆ.

ಬೆಳಕಿಗೆ 12 ವೋಲ್ಟಿನ ಎಲ್‌ಇಡಿ, ನೀರು ತಾಗದಂತೆ ಮುಚ್ಚಿದ್ದು. ಅದರ ಅಡಾಪ್ಟರ್ ಮುಚ್ಚಳದ ಹೊರಗೇ ಇದೆ. ವೈರುಗಳನ್ನು ಸಾಕೆಟ್‌ಗಿಂತ ಕೆಳಗೆ ಜೋತು ಬಿಟ್ಟು ಮತ್ತೆ ಮೇಲೆ ತಂದಿದ್ದೇನೆ. ವೈರಿನ ಮೇಲೆ ಇಳಿದು ಬಂದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್‌ಗೆ ಹೋಗುವುದಿಲ್ಲ. ಆ ಲೈನಿಗೆ 30 ಮಿಲಿಆಂಪ್ ಆರ್‌ಸಿಸಿಬಿ ಇದೆ, ಅಂದರೆ ಕರೆಂಟು ಸೋರಿದ ತಕ್ಷಣ ಲೈನ್ ಕಡಿಯುವ ಸ್ವಿಚ್. ಇದೊಂದನ್ನು ಮಾತ್ರ ಯಾರೂ ಬಿಡಬೇಡಿ.

ಹಿಂಬದಿಯಲ್ಲಿ ಮೇಲೆ ಮೂರು ಇಂಚಿನ ಪಟ್ಟಿ, ಉಳಿದಿದ್ದು ಖಾಲಿ. ಆ ಖಾಲಿ ಜಾಗಕ್ಕೆ ಪ್ಲಾಸ್ಟಿಕ್ ಬಲೆ ಬಿಗಿದು, ಪೈಪುಗಳ ಸುತ್ತ ಅಳತೆಗೆ ತಕ್ಕಂತೆ ಕತ್ತರಿಸಿದೆ. ಕಿರುಬೆರಳು ತೂರದಷ್ಟು ಬಿಗಿ. ನಮ್ಮ ಮೀನು ಹೋಗಿದ್ದು ಆ ಕಡೆಯಿಂದಲೇ. ಗಾಳಿಯಾಡೋಕೂ ಅದೇ ದಾರಿ. ಒಂದು ಪಕ್ಕದಲ್ಲಿ ಕಂಪ್ಯೂಟರಿನ 80 ಮಿ.ಮೀ. ಫ್ಯಾನ್ ಕೂರಿಸಿದ್ದೇನೆ, ಒಳಗಿನ ಗಾಳಿಯನ್ನು ಹೊರಗೆ ಎಳೆಯುವ ಹಾಗೆ. ಸೆಕೆ ಇದ್ದಾಗ ನೀರು ಎರಡು ಡಿಗ್ರಿಯಷ್ಟು ತಣ್ಣಗಾಗುತ್ತದೆ. ಆವಿಯಾದ ನೀರನ್ನು ವಾರಕ್ಕೆರಡು ಸಲ ತುಂಬಬೇಕು, ಅಷ್ಟೇ.

ಈಗ ಹದಿನಾಲ್ಕು ತಿಂಗಳಾಯಿತು. ಮೊನ್ನೆ ಬಾಗಿಲು ಎತ್ತಿದರೆ, ಹಿಂದಿನ ಕದಲದ ಹಲಗೆಯ ನೆರಳಿನಲ್ಲಿ, ಮೂಲೆಯ ಎಲೆಗಳಿಗೆ ಅಂಟಿಕೊಂಡು ಅಂಗೈಯಗಲ ಗುಳ್ಳೆಗೂಡು, ಮೊಟ್ಟೆಗಳಿಗಾಗಿ ಮೀನು ಗಾಳಿಗುಳ್ಳೆಗಳಿಂದ ಕಟ್ಟಿದ್ದು. ಗಂಡು ಗೌರಾಮಿ ಅದರ ಕೆಳಗೇ ಕಾವಲು ನಿಂತಿತ್ತು, ಎದೆ ಕೆಂಪಗೆ ಹೊಳೆಯುತ್ತಿತ್ತು. ಇವು ಮೇಲೆ ಬಂದು ಗಾಳಿ ಗುಟುಕರಿಸುವ ಮೀನುಗಳು. ನೀರಿನ ಮೇಲಿನ ಗಾಳಿ ಬೆಚ್ಚಗೆ, ತೇವವಾಗಿ ಇದ್ದರೆ ಮರಿಗಳಿಗೆ ಒಳ್ಳೆಯದು. ಅವತ್ತೇ ಫ್ಯಾನ್ ನಿಲ್ಲಿಸಿದೆ. ಬಾಗಿಲನ್ನೂ ಈಗ ಮೆಲ್ಲಗೆ ಎತ್ತುತ್ತೇನೆ.